ಓಡಬೇಡಿ, ಫೋಟೊ ತೆಗೀರಿ: ‘ಫೇಟಲ್ ಫ್ರೇಮ್’ ಮೊದಲ ಸಲ ಆಡುವವರಿಗೆ

‘ಫೇಟಲ್ ಫ್ರೇಮ್’ ಎಂಬ ಜಪಾನಿ ಹಾರರ್ ವಿಡಿಯೊ ಗೇಮ್‌ನಲ್ಲಿ ಕೈಗೆ ಬಂದೂಕು ಸಿಗುವುದಿಲ್ಲ. ಕತ್ತಿ, ದೊಣ್ಣೆ ಕೂಡ ಇಲ್ಲ. ಇರುವುದು ಒಂದು ಹಳೇ ಕಾಲದ ಕ್ಯಾಮೆರಾ. ದೆವ್ವ ಎದುರಿಗೆ ಬಂದರೆ ಕ್ಯಾಮೆರಾ ಕಣ್ಣಿಗೆ ಹಿಡಿದು ಅದರ ಫೋಟೊ ತೆಗೆಯಬೇಕು. ಎಷ್ಟು ಹತ್ತಿರದಿಂದ ತೆಗೆಯುತ್ತೀರೋ ದೆವ್ವಕ್ಕೆ ಅಷ್ಟು ಜಾಸ್ತಿ ಪೆಟ್ಟು. ಬೇರೆ ಹಾರರ್ ಗೇಮ್‌ಗಳಲ್ಲಿ ಓಡಿ ಬಚಾವಾಗಿ ಅಭ್ಯಾಸ ಇರುವವರು ಇಲ್ಲಿ ಬೇಗ ಸುಸ್ತಾಗುತ್ತಾರೆ. ಓಡುವವರಿಗೆ ಈ ಆಟ ಏನೂ ಕೊಡುವುದಿಲ್ಲ. ನಿಂತು ನೋಡುವವರಿಗೆ ಕೊಡುತ್ತದೆ. ಕೆಳಗಿನ ಸಲಹೆಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದಲೇ ಬಂದವು.

1. ಯಾವುದನ್ನು ಕೊಳ್ಳಬೇಕು?

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಒಂದೇ ಸರಣಿಗೆ ಮೂರು ಹೆಸರಿವೆ. ಜಪಾನಿನಲ್ಲಿ ಇದು ‘ಝೀರೋ’, ಅಮೆರಿಕದಲ್ಲಿ ‘ಫೇಟಲ್ ಫ್ರೇಮ್’, ಯುರೋಪಿನಲ್ಲಿ ‘ಪ್ರಾಜೆಕ್ಟ್ ಝೀರೋ’. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊನೆಯ ಎರಡು ಹೆಸರನ್ನೂ ಒಟ್ಟಿಗೆ ಹಾಕಿರುತ್ತಾರೆ. ಬೇರೆ ಬೇರೆ ಆಟ ಅಂದುಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ಮೊದಲ ಆಟ 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. ಮಾಡಿದ್ದು ಟೆಕ್ಮೊ ಕಂಪನಿ, ನಿರ್ದೇಶಕ ಮಕೊತೊ ಶಿಬಾತಾ. ಎರಡನೆಯದು, ‘ಕ್ರಿಮ್ಸನ್ ಬಟರ್‌ಫ್ಲೈ’, 2003ರಲ್ಲಿ, ಮೂರನೆಯದು 2005ರಲ್ಲಿ. ಹಳೇ ಅಭಿಮಾನಿಗಳನ್ನು ಕೇಳಿದರೆ ಬಹಳ ಜನ ಎರಡನೆಯದನ್ನೇ ಹೊಗಳುತ್ತಾರೆ. ಅವಳಿ ಅಕ್ಕತಂಗಿಯರು ನಕ್ಷೆಯಲ್ಲೇ ಇಲ್ಲದ ಒಂದು ಹಳ್ಳಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಕತೆ ಅದು. ಹೊಗಳಿಕೆ ಸುಳ್ಳಲ್ಲ. 2025ರಲ್ಲಿ ಅದರ ರೀಮೇಕ್ ಕೂಡ ಘೋಷಣೆಯಾಯಿತು. ಆದರೆ ಹಳೇ ಪಿಎಸ್2 ಡಿಸ್ಕ್, ಅದನ್ನು ಓಡಿಸುವ ಯಂತ್ರ ಎರಡನ್ನೂ ಹುಡುಕಿಕೊಂಡು ಹೋಗಿ ಈ ಸರಣಿ ಶುರುಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಸುಲಭವಾಗಿ ಸಿಗುವ ಎರಡು ರೀಮಾಸ್ಟರ್‌ಗಳಿವೆ, ಅಂದರೆ ಹಳೇ ಆಟವನ್ನೇ ಹೊಸ ಯಂತ್ರಗಳಿಗೆ ಹೊಂದಿಸಿ ತಂದವು. ಐದನೇ ಆಟ ‘ಮೇಡನ್ ಆಫ್ ಬ್ಲ್ಯಾಕ್ ವಾಟರ್’ 2014ರಲ್ಲಿ ಜಪಾನಿನಲ್ಲಿ ವೀ ಯು ಯಂತ್ರಕ್ಕೆ ಬಂದಿತ್ತು. ಸರಣಿಗೆ 20 ವರ್ಷ ತುಂಬಿದ ನೆಪದಲ್ಲಿ 2021ರ ಅಕ್ಟೋಬರ್‌ನಲ್ಲಿ ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಎಲ್ಲದಕ್ಕೂ ಬಂತು. ನಾಲ್ಕನೆಯದು ‘ಮಾಸ್ಕ್ ಆಫ್ ದ ಲೂನಾರ್ ಎಕ್ಲಿಪ್ಸ್’. ಇದು 2008ರಿಂದ 15 ವರ್ಷ ಜಪಾನ್ ಬಿಟ್ಟು ಹೊರಗೆ ಬರಲೇ ಇಲ್ಲ. 2023ರಲ್ಲಿ ಬಂತು.

ನನ್ನ ಮತ ಐದನೆಯದಕ್ಕೆ. ಕತೆ ನಾಲ್ಕನೆಯದರಲ್ಲಿ ಹೆಚ್ಚು ಬಿಗಿಯಾಗಿದೆ ನಿಜ. ಆದರೆ ಐದನೆಯದು ಚಿಕ್ಕ ಚಿಕ್ಕ ಅಧ್ಯಾಯಗಳಾಗಿ ಹರಿಯುತ್ತದೆ. ಆಟದೊಳಗೆ ಅವನ್ನು ‘ಡ್ರಾಪ್’ ಎನ್ನುತ್ತಾರೆ. ರಾತ್ರಿ ಊಟ ಆದಮೇಲೆ ಒಂದು ಡ್ರಾಪ್ ಮುಗಿಸಿ ಮಲಗಬಹುದು. ನಿದ್ದೆ ಬಂದರೆ! ಮುಂದಿನ ಮಾರ್ಗದರ್ಶಿ ಇದೇ ಆಟದ ಬಗ್ಗೆ. ಕ್ಯಾಮೆರಾದ ಪಾಠ ಮಾತ್ರ ಹೆಚ್ಚುಕಮ್ಮಿ ಇಡೀ ಸರಣಿಗೇ ಹೊಂದುತ್ತದೆ.

ಪಿಸಿಯಲ್ಲಿ ಆಡುವವರಿಗೆ ಒಂದು ಮಾತು. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಟ ಸರಿಯಾಗಿ ಓಡುತ್ತದಾ ಅಂತ ಆ ಎರಡು ಗಂಟೆಯೊಳಗೇ ನೋಡಿಕೊಳ್ಳಿ. ಮೊದಲ ಸಲ ತೆರೆದು ಮೆನುವಿನಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ, ಆ ಸಮಯವೂ ಲೆಕ್ಕಕ್ಕೆ ಬರುತ್ತದೆ.

2. ಕೂರುವ ಮೊದಲು

ಕಂಟ್ರೋಲರ್ ಬೇಕು. ಕೀಬೋರ್ಡ್, ಮೌಸ್ ಹಿಡಿದು ಇದನ್ನು ಆಡುವುದು ಹಿಂಸೆ. ಕ್ಯಾಮೆರಾವನ್ನು ಅಡ್ಡ, ಉದ್ದ, ಓರೆ ಹೀಗೆಲ್ಲ ತಿರುಗಿಸುತ್ತಲೇ ಇರಬೇಕು. ಮೂಲ ವೀ ಯುನಲ್ಲಿ ಕೈಯಲ್ಲಿರುವ ಗೇಮ್‌ಪ್ಯಾಡನ್ನೇ ಕ್ಯಾಮೆರಾದ ಹಾಗೆ ಎತ್ತಿ ಹಿಡಿಯಬೇಕಿತ್ತು, ಆಟವನ್ನು ಕಟ್ಟಿದ್ದೇ ಆ ಲೆಕ್ಕದಲ್ಲಿ. ನಿಮ್ಮ ಕಂಟ್ರೋಲರ್ ಅಲುಗಾಟ ಗುರುತಿಸುವಂಥದ್ದಾದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನೊಮ್ಮೆ ಹಾಕಿ ನೋಡಿ. ಕೆಲವರಿಗೆ ಇಷ್ಟವಾಗುತ್ತದೆ, ಕೆಲವರಿಗೆ ತಲೆ ತಿರುಗುತ್ತದೆ.

ಹೆಡ್‌ಫೋನ್ ಹಾಕಿಕೊಳ್ಳಿ. ಹೆದರಿಕೆ ಜಾಸ್ತಿಯಾಗಲಿ ಅಂತ ಹೇಳುತ್ತಿಲ್ಲ. ದೆವ್ವ ಗೋಡೆಯೊಳಗೆ ಹೋಗಿ ಇನ್ನೊಂದು ಕಡೆಯಿಂದ ಬರುತ್ತದೆ. ಆಗ ಅದು ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ಹೇಳುವುದು ಅದರ ನರಳಾಟವೇ. ಟಿವಿ ಸ್ಪೀಕರ್‌ನಲ್ಲಿ ಅದು ಗೊತ್ತಾಗುವುದಿಲ್ಲ.

ಧ್ವನಿ ಜಪಾನಿ ಭಾಷೆಯಲ್ಲಿರಲಿ, ಸಬ್‌ಟೈಟಲ್ ಇಂಗ್ಲಿಷಿನಲ್ಲಿರಲಿ. ಇಂಗ್ಲಿಷ್ ಧ್ವನಿಯಲ್ಲಿ ಅರ್ಧ ಹೆದರಿಕೆ ಹೋಗಿಬಿಡುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಬ್ರೈಟ್‌ನೆಸ್ ತೀರಾ ಕಮ್ಮಿ ಮಾಡಬೇಡಿ, ಎತ್ತಿಕೊಳ್ಳಬೇಕಾದ ವಸ್ತುಗಳೇ ಕಾಣದೆ ಹೋಗುತ್ತವೆ. ಕಷ್ಟದ ಮಟ್ಟ ನಾರ್ಮಲ್ ಸಾಕು. ಈಸಿಯಲ್ಲಿ ಆಡಿದರೂ ಯಾರೂ ನಗುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ, ಇದು ತಮಾಷೆಯಲ್ಲ. ಕತೆ ನಡೆಯುವ ಹಿಕಾಮಿ ಬೆಟ್ಟ ಜನ ಸಾಯಲು ಬರುವ ಜಾಗ. ಆತ್ಮಹತ್ಯೆ ಕತೆಯ ನಡುಮಧ್ಯದಲ್ಲಿದೆ, ಅದನ್ನು ನೇರವಾಗಿಯೇ ತೋರಿಸುತ್ತಾರೆ. ನಿಮ್ಮ ಮನಸ್ಸು ಈಗ ಸರಿಯಿಲ್ಲ ಅನಿಸಿದರೆ, ಹತ್ತಿರದವರನ್ನು ಹಾಗೆ ಕಳೆದುಕೊಂಡಿದ್ದರೆ, ಈ ಆಟವನ್ನು ಈಗ ಮುಟ್ಟಬೇಡಿ. ಮಕ್ಕಳ ಕೈಗಂತೂ ಕೊಡಲೇಬಾರದು.

3. ಕ್ಯಾಮೆರಾ ಹಿಡಿಯುವುದು

ಕ್ಯಾಮೆರಾದ ಹೆಸರು ಕ್ಯಾಮೆರಾ ಅಬ್‌ಸ್ಕ್ಯುರಾ. ಕತೆಯ ಪ್ರಕಾರ ಕುನಿಹಿಕೊ ಅಸೊ ಎಂಬ ವಿದ್ವಾಂಸ ಇದನ್ನು ಮಾಡಿದ. ಕಣ್ಣಿಗೆ ಕಾಣದ್ದನ್ನು ಇದು ಹಿಡಿಯುತ್ತದೆ, ಹಿಡಿದದ್ದನ್ನು ದುರ್ಬಲ ಮಾಡುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ದೆವ್ವ ಬಿದ್ದ ಫೋಟೊಗಳ ಹುಚ್ಚು ಜೋರಾಗಿತ್ತು. ಪತ್ರಿಕೆ, ಟಿವಿ ಎಲ್ಲದರಲ್ಲೂ ಅದೇ. ಪ್ರವಾಸದ ಗುಂಪುಫೋಟೊದಲ್ಲಿ ಯಾರ ಹೆಗಲ ಮೇಲೋ ಒಂದು ಕೈ ಜಾಸ್ತಿ ಇದೆ, ಇಂಥವು. ಆ ಕಾಲ ಕಂಡ ಜಪಾನೀಯರಿಗೆ ಕ್ಯಾಮೆರಾ ಮತ್ತು ದೆವ್ವದ ನಂಟನ್ನು ವಿವರಿಸಬೇಕಾಗಿಲ್ಲ.

ಆಟದ ಶುರುವಿನಲ್ಲಿ ಯೂರಿ ಎಂಬ ಹುಡುಗಿ, ತನಗೆ ಆಸರೆ ಕೊಟ್ಟ ಹಿಸೊಕಾಳ ಜೊತೆ ಒಂದು ಪಾಳುಬಿದ್ದ ವಸತಿಗೃಹಕ್ಕೆ ಹೋಗುತ್ತಾಳೆ. ಕ್ಯಾಮೆರಾ ಪಾಠ ನಡೆಯುವುದು ಅಲ್ಲೇ. ಆಗ ಬೇಗ ಬೇಗ ಬಟನ್ ಒತ್ತಿ ಮುಂದೆ ಹೋಗಬೇಡಿ. ಕಲಿಯಬೇಕಾದ್ದು ಹೀಗಿದೆ.

ಕ್ಯಾಮೆರಾ ಎತ್ತಿದರೆ ನೋಟ ಚೌಕಟ್ಟಿನೊಳಗೆ ಬರುತ್ತದೆ. ಆಗ ನೀವು ನಿಧಾನ, ಹಿಂದೆ ಏನಿದೆ ಅಂತ ಕಾಣುವುದಿಲ್ಲ. ಹಾಗಾಗಿ ಮೊದಲು ಕ್ಯಾಮೆರಾ ಇಳಿಸಿಯೇ ಜಾಗ ನೋಡಿಕೊಳ್ಳಿ. ಬೆನ್ನು ಗೋಡೆಗೆ ತಾಗುವಷ್ಟು ಹಿಂದಕ್ಕೆ ಹೋಗಬೇಡಿ, ದೆವ್ವಕ್ಕೆ ಗೋಡೆ ಲೆಕ್ಕಕ್ಕಿಲ್ಲ. ಕೋಣೆಯ ನಡುವೆ, ಸುತ್ತ ಸ್ವಲ್ಪ ಜಾಗ ಇರುವಲ್ಲಿ ನಿಲ್ಲಿ. ಆಮೇಲೆ ಎತ್ತಿ.

ಮೊದಲ ಫೋಟೊ ತಗುಲಿದ ಕೂಡಲೇ ದೆವ್ವದಿಂದ ಚೂರುಗಳು ಚಿಮ್ಮಿ ಸುತ್ತ ತೇಲುತ್ತವೆ. ಇಲ್ಲಿಂದಲೇ ನಿಜವಾದ ಆಟ ಶುರು. ದೆವ್ವ ಮತ್ತು ಅದರ ಚೂರುಗಳು ಸೇರಿ ಐದು ಗುರಿಗಳು ಚೌಕಟ್ಟಿನೊಳಗೆ ಬಂದರೆ ‘ಶಟರ್ ಚಾನ್ಸ್’ ಸಿಗುತ್ತದೆ. ಆಗ ಒತ್ತಿದರೆ ಪೆಟ್ಟು ಜೋರು, ದೆವ್ವ ಹಿಂದಕ್ಕೆ ಹಾರುತ್ತದೆ. ಐದನ್ನೂ ಒಳಗೆ ತರುವ ಉಪಾಯವೇ ಕ್ಯಾಮೆರಾ ತಿರುಗಿಸುವುದು. ಚೂರುಗಳು ಮೇಲೆ ಕೆಳಗೆ ಹರಡಿದ್ದರೆ ಚೌಕಟ್ಟನ್ನು ಉದ್ದಕ್ಕೆ, ಅಕ್ಕಪಕ್ಕ ಹರಡಿದ್ದರೆ ಅಡ್ಡಕ್ಕೆ. ಮೂಲೆಗೊಂದು ಹೋಗಿದ್ದರೆ ಓರೆಗೆ. ಹೊಸಬರು ದೆವ್ವದ ಮುಖವನ್ನೇ ನಡುವೆ ಇಟ್ಟುಕೊಂಡು ಒಂದೇ ಸಮನೆ ಒತ್ತುತ್ತಿರುತ್ತಾರೆ. ಅದರಿಂದ ಫಿಲ್ಮ್ ಖಾಲಿ ಆಗುತ್ತದೆ, ದೆವ್ವ ಮಾತ್ರ ಹಾಗೇ ಇರುತ್ತದೆ.

ಇನ್ನು ಆಟಕ್ಕೆ ಹೆಸರು ಕೊಟ್ಟ ‘ಫೇಟಲ್ ಫ್ರೇಮ್’. ದೆವ್ವ ನಿಮ್ಮ ಮೇಲೆ ಬೀಳುವ ಆ ಒಂದೇ ಕ್ಷಣದಲ್ಲಿ ಚೌಕಟ್ಟು ಕೆಂಪಾಗುತ್ತದೆ. ಆಗ ಒತ್ತಿದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು. ಅಷ್ಟೇ ಅಲ್ಲ, ಅದಾದ ಮೇಲೆ ಸ್ವಲ್ಪ ಹೊತ್ತು ಫಿಲ್ಮ್ ತುಂಬಿಕೊಳ್ಳಲು ಕಾಯದೆ ಒಂದರ ಮೇಲೊಂದು ಫೋಟೊ ತೆಗೆಯಬಹುದು. ಅರ್ಧ ಸೆಕೆಂಡ್ ಮೊದಲು ಒತ್ತಿದರೆ ಅದು ಬರೀ ಸಾಮಾನ್ಯ ಫೋಟೊ. ತಡವಾದರೆ ಅದರ ಕೈ ನಿಮ್ಮ ಕುತ್ತಿಗೆಯ ಮೇಲೆ. ಬ್ಯಾಟ್ ಹಿಡಿದು ನಿಂತಾಗ ಚೆಂಡು ಪೂರಾ ಹತ್ತಿರ ಬರುವ ತನಕ ಕಾಯುವುದು ಇರುತ್ತದಲ್ಲ, ಹಾಗೇ.

ಅಭ್ಯಾಸ ಮಾಡುವ ದಾರಿ ಇದು. ಮೊದಮೊದಲ ದೆವ್ವಗಳ ಹತ್ತಿರ ಬೇಗ ಗೆಲ್ಲಬೇಕು ಅಂತ ನೋಡಬೇಡಿ. ಅದು ಹೇಗೆ ಬರುತ್ತದೆ ಅಂತ ಮಾತ್ರ ಗಮನಿಸಿ. ತೂರಾಡುತ್ತಾ ಬರುತ್ತದೋ, ಕಣ್ಮರೆಯಾಗಿ ಪಕ್ಕದಲ್ಲಿ ಏಳುತ್ತದೋ, ಕೂಗಿ ನುಗ್ಗುತ್ತದೋ. ನುಗ್ಗುವ ಮೊದಲು ಕೈ ಎತ್ತುವುದು, ತಲೆ ಓರೆ ಮಾಡುವುದು, ದನಿ ಏರಿಸುವುದು, ಏನಾದರೂ ಒಂದು ಸುಳಿವು ಕೊಟ್ಟೇ ಕೊಡುತ್ತದೆ. ಎರಡು ಸಲ ಪೆಟ್ಟು ತಿಂದರೂ ಪರವಾಗಿಲ್ಲ, ಆ ಸುಳಿವನ್ನು ಹಿಡಿಯಿರಿ. ಮೂರನೇ ಸಲಕ್ಕೆ ಕೆಂಪು ಚೌಕಟ್ಟು ನಿಮ್ಮದೇ.

ಎರಡು ಮೂರು ದೆವ್ವ ಒಟ್ಟಿಗೆ ಬಂದರೆ ಈ ತಾಳ್ಮೆ ನಡೆಯುವುದಿಲ್ಲ. ಆಗ ಕ್ಯಾಮೆರಾ ಇಳಿಸಿ, ದೂರ ಸರಿದು, ಎಲ್ಲವೂ ಒಂದೇ ಕಡೆ ಸೇರುವ ಹಾಗೆ ಮಾಡಿಕೊಂಡು ಒಟ್ಟಿಗೆ ಚೌಕಟ್ಟಿಗೆ ತನ್ನಿ. ಹಿಂದಿನಿಂದ ಬಂದರೆ ತಪ್ಪಿಸಿಕೊಳ್ಳುವ ಬಟನ್ ಇದೆ. ಸಮಯಕ್ಕೆ ಸರಿಯಾಗಿ ಒತ್ತಿದರೆ ಪಕ್ಕಕ್ಕೆ ಜಾರಿಕೊಳ್ಳುತ್ತೀರಿ. ಓಡಿ ತಪ್ಪಿಸಿಕೊಳ್ಳುವ ಆಸೆ ಮಾತ್ರ ಬಿಡಿ. ಈ ಪಾತ್ರಗಳ ಓಟ ನೋಡಿದರೆ ನಿಮಗೇ ಗೊತ್ತಾಗುತ್ತದೆ. ತಿರುಗುವುದಕ್ಕೂ ನಿಧಾನ, ನಿಲ್ಲುವುದಕ್ಕೂ ನಿಧಾನ. ಈ ವಿಷಯದಲ್ಲಿ ಆಟವನ್ನು ಬೈದವರು ಬಹಳ. ನಾನೂ ಅವರ ಪಕ್ಷವೇ.

ದೆವ್ವ ಸೋತು ಬಿದ್ದ ಕೂಡಲೇ ಸುಮ್ನೆ ನಿಲ್ಲಬೇಡಿ. ಅದು ಕರಗುವ ಮೊದಲು ಹತ್ತಿರ ಹೋಗಿ ಮುಟ್ಟಿ. ಅದು ಸತ್ತದ್ದು ಹೇಗೆ ಅನ್ನುವುದು ಒಂದು ಮಸುಕು ದೃಶ್ಯವಾಗಿ ಕಾಣುತ್ತದೆ. ನಿಮ್ಮನ್ನು ಅಟ್ಟಿಸಿಕೊಂಡು ಬಂದದ್ದು ಯಾರೋ ಒಬ್ಬ ಮನುಷ್ಯ ಅನ್ನುವುದು ಆಗ ನೆನಪಾಗುತ್ತದೆ. ನನಗೆ ಇಡೀ ಆಟದಲ್ಲಿ ಹೆಚ್ಚು ಇಷ್ಟವಾದ ಭಾಗ ಇದೇ.

4. ಫಿಲ್ಮ್ ಲೆಕ್ಕ

ಟೈಪ್-07 ಫಿಲ್ಮ್ ಮುಗಿಯುವುದೇ ಇಲ್ಲ, ಆದರೆ ಶಕ್ತಿ ಕಮ್ಮಿ. ಆಮೇಲೆ 14, 61, 90 ಹೀಗೆ ಸಂಖ್ಯೆ ಏರಿದ ಹಾಗೆ ಶಕ್ತಿ ಏರುತ್ತದೆ. ಟೈಪ್-00 ಮಾತ್ರ ಈ ಲೆಕ್ಕಕ್ಕೆ ಹೊರಗು, ಅದು ಎಲ್ಲಕ್ಕಿಂತ ಜೋರು. ಒಬ್ಬಂಟಿ ಸಾಮಾನ್ಯ ದೆವ್ವಕ್ಕೆ 07 ಅಥವಾ 14 ಸಾಕು. ಮೇಲಿನವನ್ನು ಕೆಂಪು ಚೌಕಟ್ಟಿಗೆ ಮೀಸಲಿಡಿ. ಹಾಗಂತ ಜಿಪುಣತನವೂ ಬೇಡ. ಒಳ್ಳೆ ಫಿಲ್ಮ್ ಕೊನೆಯ ತನಕ ಕೂಡಿಟ್ಟು ಕತೆ ಮುಗಿಸುವವರೇ ಜಾಸ್ತಿ, ಅದರಿಂದ ಏನು ಬಂತು? ಗಾಯಕ್ಕೆ ಗಿಡಮೂಲಿಕೆ ಔಷಧಿ, ಪವಿತ್ರ ಜಲ ಇರುತ್ತವೆ. ಕನ್ನಡಿಕಲ್ಲು ಕೈಲಿದ್ದರೆ ಪ್ರಾಣ ಹೋದಾಗ ಒಮ್ಮೆ ಎಬ್ಬಿಸುತ್ತದೆ. ಒಂದು ಯಾವಾಗಲೂ ಜೊತೆಯಲ್ಲಿರಲಿ.

5. ನೆನೆದಷ್ಟೂ ಅಪಾಯ, ನೆನೆದಷ್ಟೂ ಲಾಭ

ಹೆಸರೇ ಹೇಳುವ ಹಾಗೆ ಈ ಆಟದಲ್ಲಿ ಎಲ್ಲ ಕಡೆ ನೀರು. ಮಳೆ, ಕೆರೆ, ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನಿಂತ ನೀರು. ನೀವು ಎಷ್ಟು ನೆನೆದಿದ್ದೀರಿ ಅಂತ ಪರದೆಯ ಮೇಲೆ ಒಂದು ಅಳತೆ ತೋರಿಸುತ್ತದೆ. ನೆನೆದಷ್ಟೂ ದೆವ್ವಗಳು ಬರುವುದು ಜಾಸ್ತಿ, ಅವುಗಳ ಪೆಟ್ಟೂ ಜಾಸ್ತಿ. ಆದರೆ ನಿಮ್ಮ ಕ್ಯಾಮೆರಾದ ಶಕ್ತಿಯೂ ಜಾಸ್ತಿ! ಒದ್ದೆಯನ್ನು ಕಳೆಯಲು ‘ಪ್ಯೂರಿಫೈಯಿಂಗ್ ಎಂಬರ್’ ಎಂಬ ಬೆಂಕಿಯ ವಸ್ತು ಇದೆ.

ಹೊಸಬರು ಸ್ವಲ್ಪ ನೆನೆದ ಕೂಡಲೇ ಅದನ್ನು ಬಳಸಿಬಿಡುತ್ತಾರೆ. ಅದು ದಂಡ, ಹತ್ತು ಹೆಜ್ಜೆ ಮುಂದೆ ಮತ್ತೆ ಮಳೆ ಇರುತ್ತದೆ. ಪ್ರಾಣದ ಪಟ್ಟಿ ತುಂಬಿದ್ದರೆ ಒದ್ದೆಯಾಗಿಯೇ ಕಾದಾಡಿ, ದೆವ್ವ ಬೇಗ ಸೋಲುತ್ತದೆ. ಪ್ರಾಣ ಅರ್ಧಕ್ಕಿಂತ ಕೆಳಗಿದ್ದು, ಔಷಧಿಯೂ ಇಲ್ಲದಿದ್ದಾಗ ಮಾತ್ರ ಎಂಬರ್ ಹಚ್ಚಿ.

ಈ ಬೆಟ್ಟದ ಜನ ನೀರನ್ನೇ ದೇವರೆಂದು ನಂಬಿದವರು. ನೀರಿನಿಂದ ಬಂದೆವು, ನೀರಿಗೇ ಹೋಗುತ್ತೇವೆ ಎನ್ನುವ ನಂಬಿಕೆ. ಅದನ್ನು ಕಾಪಾಡಲು ಗುಡಿಯ ಹೆಣ್ಣುಮಕ್ಕಳನ್ನು ಬಲಿಕೊಟ್ಟ ಕತೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಸೇತುವೆ, ಕೋಟೆ ನಿಲ್ಲಲಿ ಅಂತ ಮನುಷ್ಯರನ್ನು ಹೂತ ಐತಿಹ್ಯಗಳು ಜಪಾನಿನ ತುಂಬ ಇವೆ. ಕೆರೆಗೆ ನೀರು ಬರಲಿ ಅಂತ ಕಿರಿಸೊಸೆ ಭಾಗೀರಥಿಯನ್ನು ಕೊಟ್ಟ ಹಾಡು ಕೇಳಿ ಬೆಳೆದ ನಮಗೆ ಈ ಭಾಗ ಅಪರಿಚಿತ ಅನಿಸುವುದಿಲ್ಲ. ಅಮೆರಿಕದ ವಿಮರ್ಶಕರು ಕತೆ ಗೋಜಲು ಅಂದಲ್ಲಿ ನಮಗೆ ಥಟ್ಟನೆ ಅರ್ಥವಾಗಿಬಿಡುತ್ತದೆ.

6. ನಡೆಯುವಾಗ, ಎತ್ತಿಕೊಳ್ಳುವಾಗ

ಪರದೆಯ ಅಂಚಿನ ಸೂಚಕ ಬೆಳಕನ್ನು ನೋಡುತ್ತಿರಿ. ನೀಲಿ ಇದ್ದರೆ ಹತ್ತಿರದಲ್ಲಿ ನೋಡಬೇಕಾದ್ದೇನೋ ಇದೆ. ಕೆಂಪಾದರೆ ಕ್ಯಾಮೆರಾಕ್ಕೆ ಕೈ ಹಾಕಿ.

ಕೆಲವು ದೆವ್ವಗಳು ಕಾದಾಡುವುದಿಲ್ಲ. ಬಾಗಿಲ ಸಂದಿಯಲ್ಲಿ, ಮರದ ಹಿಂದೆ ಒಂದು ಕ್ಷಣ ಕಂಡು ಮಾಯವಾಗುತ್ತವೆ. ಅವುಗಳ ಫೋಟೊಕ್ಕೆ ಒಳ್ಳೆ ಪಾಯಿಂಟ್ ಸಿಗುತ್ತದೆ. ಹಾಗಾಗಿ ಹೊಸ ಕೋಣೆಯ ಬಾಗಿಲು ತೆರೆದ ಕೂಡಲೇ ಕ್ಯಾಮೆರಾ ಎತ್ತುವ ಅಭ್ಯಾಸ ಮಾಡಿಕೊಳ್ಳಿ. ತಪ್ಪಿಹೋದರೆ ಬೇಜಾರು ಬೇಡ, ಮುಗಿಸಿದ ಡ್ರಾಪನ್ನು ಮತ್ತೆ ಆಡಬಹುದು.

ವಸ್ತು ಎತ್ತಿಕೊಳ್ಳಲು ಬಟನ್ ಒತ್ತಿ ಹಿಡಿಯಬೇಕು. ಪಾತ್ರದ ಕೈ ನಿಧಾನವಾಗಿ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಯಾವಾಗಲೋ ಒಮ್ಮೆ ಬಿಳಿಚಿದ ಕೈಯೊಂದು ಬಂದು ಹಿಡಿದುಕೊಳ್ಳುತ್ತದೆ. ಅದು ಕಂಡ ಕೂಡಲೇ ಬಟನ್ ಬಿಟ್ಟರೆ ತಪ್ಪಿಸಿಕೊಳ್ಳಬಹುದು. ಬರೀ ಔಷಧಿ ಬಾಟಲಿ ಎತ್ತಿಕೊಳ್ಳಲು ಕೂಡ ಮನುಷ್ಯ ಹೆದರುವ ಹಾಗೆ ಮಾಡಿದ್ದಾರಲ್ಲ, ಅವರ ತಲೆಗೆ ದೊಡ್ಡ ನಮಸ್ಕಾರ.

ದಾರಿ ತಪ್ಪಿದರೆ, ನೀವು ಹುಡುಕುತ್ತಿರುವವರ ಹೆಜ್ಜೆಯ ಜಾಡನ್ನು ನೆರಳಿನ ಹಾಗೆ ತೋರಿಸುವ ಬಟನ್ ಇದೆ. ಅದನ್ನು ಹಿಂಬಾಲಿಸಿದರೆ ಕತೆ ಮುಂದೆ ಹೋಗುತ್ತದೆ. ಆದ್ದರಿಂದ ಸುತ್ತಮುತ್ತ ಹುಡುಕಾಟ ಮುಗಿಸಿಕೊಂಡು ಆಮೇಲೆ ಹಿಂಬಾಲಿಸಿ.

7. ಮೂವರು ಬೇರೆ ಬೇರೆ

ಒಂದು ಡ್ರಾಪ್‌ನಲ್ಲಿ ಯೂರಿ, ಇನ್ನೊಂದರಲ್ಲಿ ಬರಹಗಾರ ರೆನ್, ಮತ್ತೊಂದರಲ್ಲಿ ಮಿಯು. ಮಿಯು ಮೊದಲ ಆಟದ ನಾಯಕಿ ಮಿಕುವಿನ ಮಗಳು. ಹಳೇ ಆಟ ಆಡಿಲ್ಲದಿದ್ದರೂ ಕತೆ ತಿಳಿಯುತ್ತದೆ. ರೆನ್ ಕೈಲಿರುವ ಕ್ಯಾಮೆರಾ ಒಂದೇ ಸಲಕ್ಕೆ ನಾಲ್ಕು ಫೋಟೊ ತೆಗೆಯುತ್ತದೆ. ಯೂರಿಯ ಕ್ಯಾಮೆರಾಕ್ಕೆ ಒಗ್ಗಿದ ಕೈ ಅಲ್ಲಿ ತಡವರಿಸುತ್ತದೆ. ರೆನ್ ಸರದಿ ಬಂದಾಗ ಮೊದಲ ದೆವ್ವಕ್ಕೆ ಟೈಪ್-07 ಹಾಕಿ ಅದರ ಗತಿ ತಿಳಿದುಕೊಳ್ಳಿ.

ಮಧ್ಯೆ ಒಂದು ಕಡೆ ಅಂಗಡಿಯೊಳಗೆ ಕೂತು ಸಿಸಿಟಿವಿ ಪರದೆ ನೋಡುವ ಭಾಗ ಬರುತ್ತದೆ. ನಡೆಯುವುದಿಲ್ಲ, ಓಡುವುದಿಲ್ಲ. ಕ್ಯಾಮೆರಾ ಬದಲಿಸುತ್ತಾ ಕಾಯಬೇಕು. ಬೇಜಾರಾಗಿ ಮೊಬೈಲ್ ಎತ್ತಿಕೊಂಡಿರೋ, ಏನು ಬಂದು ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಆ ಹತ್ತು ನಿಮಿಷ ಪೂರಾ ಗಮನ ಕೊಡಿ.

8. ಪಾಯಿಂಟ್ ಎಲ್ಲಿ ಸುರಿಯಬೇಕು

ಫೋಟೊಗಳಿಂದ ಬಂದ ಪಾಯಿಂಟ್‌ಗಳಿಂದ ಎರಡು ಕೆಲಸ: ಕ್ಯಾಮೆರಾ ಬಲಪಡಿಸುವುದು, ಡ್ರಾಪ್ ಶುರುವಾಗುವ ಮೊದಲು ಔಷಧಿ, ಫಿಲ್ಮ್ ಕೊಳ್ಳುವುದು. ಮೊದಮೊದಲು ಎಲ್ಲವನ್ನೂ ಕ್ಯಾಮೆರಾಕ್ಕೇ ಹಾಕಿ. ಅದರಲ್ಲೂ ಫಿಲ್ಮ್ ಬೇಗ ತುಂಬಿಕೊಳ್ಳುವ ಹಾಗೆ ಮಾಡುವುದು ಮೊದಲು, ಪೆಟ್ಟಿನ ಶಕ್ತಿ ಆಮೇಲೆ. ಎರಡು ಫೋಟೊಗಳ ನಡುವಿನ ಆ ಖಾಲಿ ಹೊತ್ತಲ್ಲೇ ದೆವ್ವ ನಿಮ್ಮನ್ನು ಹಿಡಿಯುವುದು. ಔಷಧಿ ದಾರಿಯಲ್ಲೇ ಬೇಕಾದಷ್ಟು ಸಿಗುತ್ತದೆ.

ಸೇವ್ ಮಾಡುವ ಜವಾಬ್ದಾರಿ ಆಟದ್ದೇ, ತಾನಾಗಿ ಆಗುತ್ತದೆ. ಆದರೂ ಡ್ರಾಪ್ ಮುಗಿಯುವ ತನಕ ಎದ್ದು ಹೋಗದಿರುವುದು ಒಳ್ಳೆಯದು. ಕರೆಂಟ್ ಹೋಗುವ ಮನೆಯಾದರೆ ಯುಪಿಎಸ್ ಇರಲಿ.

9. ಮುಗಿದ ಮೇಲೆ

ದಾರಿಯಲ್ಲಿ ಸಿಗುವ ಡೈರಿ, ಚೀಟಿ, ಹಳೇ ಟಿಪ್ಪಣಿಗಳನ್ನು ಅಲ್ಲಲ್ಲೇ ಓದಿ. ಕೊನೆಗೆ ಒಟ್ಟಿಗೆ ಓದೋಣ ಅಂದುಕೊಂಡರೆ ಯಾರು ಯಾರ ಮಗಳು ಅನ್ನುವುದೇ ಮರೆತಿರುತ್ತದೆ. ಜಪಾನಿ ಹೆಸರುಗಳು ಕಲಸಿಹೋಗುವುದು ಸಹಜ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅವಮಾನವೇನಿಲ್ಲ.

ಕತೆ ಮುಗಿದ ಮೇಲೆ ಅಯಾನೆ ಎಂಬ ನಿಂಜಾ ಹುಡುಗಿಯ ಚಿಕ್ಕ ಕತೆ ತೆರೆದುಕೊಳ್ಳುತ್ತದೆ. ಅವಳು ಟೆಕ್ಮೊದ್ದೇ ಬೇರೊಂದು ಹೊಡೆದಾಟದ ಗೇಮ್ ಸರಣಿಯಿಂದ ಬಂದವಳು. ಅವಳ ಕೈಲಿ ಕ್ಯಾಮೆರಾ ಇಲ್ಲ, ಅಡಗಿಕೊಂಡು ದಾಟಬೇಕು. ಅಂದರೆ ನಾನು ಮೇಲೆ ಹೇಳಿದ ಪಾಠವೆಲ್ಲ ಅಲ್ಲಿ ತಲೆಕೆಳಗು. ಒಮ್ಮೆ ಆಡಿ ಬಿಟ್ಟುಬಿಡಿ, ತಪ್ಪಿಸಿಕೊಂಡರೂ ನಷ್ಟವಿಲ್ಲ.

ಅದಕ್ಕಿಂತ ನಾಲ್ಕನೇ ಆಟಕ್ಕೆ ಹೋಗುವುದು ಮೇಲು. ರೊಗೆತ್ಸು ಎಂಬ ದ್ವೀಪದ ಪಾಳು ಆಸ್ಪತ್ರೆ, ನೆನಪು ಕಳೆದುಕೊಂಡ ಹುಡುಗಿಯರು, ಮೂಲೆಮೂಲೆಯಲ್ಲಿ ಅವಿತ ಪುಟ್ಟ ಗೊಂಬೆಗಳ ಫೋಟೊ ತೆಗೆಯುವ ಕೆಲಸ. ಪಾತ್ರಗಳ ನಡಿಗೆ ಅಲ್ಲಿ ಇನ್ನೂ ನಿಧಾನ. ಒಂದು ಪಾತ್ರದ ಕೈಲಿ ಕ್ಯಾಮೆರಾ ಬದಲು ಟಾರ್ಚ್ ಇರುತ್ತದೆ, ಅದರ ಬೆಳಕೇ ಆಯುಧ. ಐದನೆಯದರಲ್ಲಿ ಕೆಂಪು ಚೌಕಟ್ಟಿಗೆ ಕಾಯಲು ಕಲಿತಿದ್ದರೆ ಅಲ್ಲಿ ಮೊದಲ ದೆವ್ವದಿಂದಲೇ ಅದು ಕೈಗೆ ಬರುತ್ತದೆ. ಅಲ್ಲಿ ಸೇವ್ ತಾನಾಗಿ ಆಗುತ್ತದೆ ಅಂತ ನಂಬಿ ಕೂರಬೇಡಿ. ಲಾಂದ್ರ ಕಂಡಲ್ಲೆಲ್ಲ ನಿಂತು ಮಾಡಿಕೊಳ್ಳಿ.